ಕರಿಹಲಗೆಯ ಮೇಲೆ ಗರ್ಭಕೋಶ

ಬಿಸಿಯೂಟ ಮುಗಿದು ತಟ್ಟೆಗಳ ಸದ್ದಡಗಿದೆ. ಹಿರಿಯೂರು ಸೀಮೆಯ ಬಿಸಿಲು ಕಿಟಕಿ ದಾಟಿ ತರಗತಿಯ ನಡುವಿನವರೆಗೂ ಬಂದಿದೆ. ಆಚೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿವೆ. ಹೊಂಗೆ ಮರದಡಿ ಅಡುಗೆಯಮ್ಮ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದಾರೆ. ಒಳಗೆ ಹತ್ತನೇ ತರಗತಿಯ ವಿಜ್ಞಾನದ ಪಿರಿಯಡ್ಡು. ಪಾಠದ ಹೆಸರು 'ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ?' ಅಮೀಬಾ ಎರಡಾಗಿ ಒಡೆದದ್ದು, ಯೀಸ್ಟು ಮೊಗ್ಗೊಡೆದದ್ದು, ಕಾಡುಬಸಳೆಯ ಎಲೆಯಂಚಿನಲ್ಲಿ ಪುಟ್ಟ ಸಸಿ ಎದ್ದದ್ದು ಹೋದ ವಾರವೇ ಆಗಿದೆ. ದಾಸವಾಳ ಸೀಳಿ ಕೇಸರ, ಶಲಾಗ್ರ ಗುರುತಿಸಿದ್ದೂ ಆಯಿತು. ಇವತ್ತು ಪುಟ ತಿರುವಿದರೆ ಮನುಷ್ಯ.

ತಿರುವಿದ ಗಳಿಗೆಗೆ ಕೊಠಡಿಯ ಗಾಳಿಯೇ ಬೇರೆಯಾಯಿತು. ಹುಡುಗಿಯರ ಕಡೆ ತಲೆಗಳು ಬಗ್ಗಿದವು, ಜಡೆಗಳು ಮುಂದಕ್ಕೆ ಬಿದ್ದವು. ಒಬ್ಬಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಹಿಂದಿನ ಬೆಂಚಿನಲ್ಲಿ ಒಬ್ಬ ಇನ್ನೊಬ್ಬನ ಪಕ್ಕೆಗೆ ತಿವಿದ. ತಿವಿಸಿಕೊಂಡವನು ಕೆಮ್ಮಿದ. ಈ ಪುಟ ಬಂದಾಗ 'ಮನೇಲಿ ಓದ್ಕೊಳ್ಳಿ' ಎಂದು ಮುಂದಿನ ಪಾಠಕ್ಕೆ ಹಾರಿಬಿಡುವುದು ನಮ್ಮ ಶಾಲೆಗಳ ಹಳೆಯ ರೂಢಿ. ಮನೆಯಲ್ಲಿ ಓದಲು ಹೊರಟ ಮಗು ಅಪ್ಪ ಒಳಗೆ ಬಂದರೆ ಪುಸ್ತಕ ಮುಚ್ಚುತ್ತದೆ. ಅಲ್ಲಿಗೆ ಪಾಠ ಮುಗಿಯಿತು.

ಈ ಮೇಡಂ ಹಾರಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಬರೆಯತೊಡಗಿದರು. ನಡುವೆ ಗರ್ಭಕೋಶ, ನಿಜದಲ್ಲಿ ಒಂದು ಹಿಡಿಮುಷ್ಟಿಯಷ್ಟೇ ದೊಡ್ಡದು, ಗೋಡೆ ಪೂರ್ತಿ ದಪ್ಪ ಸ್ನಾಯು. ಅದರ ಮೇಲಿನ ಎರಡು ಮೂಲೆಗಳಿಂದ ಎಡಕ್ಕೂ ಬಲಕ್ಕೂ ಹೊರಟ ಎರಡು ಅಂಡನಾಳಗಳು, ಒಂದೊಂದೂ ಹೆಚ್ಚುಕಮ್ಮಿ 10 ಸೆಂಟಿಮೀಟರ್. ನಾಳದ ತುದಿ ಅಗಲವಾಗಿ ಬಾಯ್ದೆರೆದು ಬೆರಳು ಬೆರಳಾಗಿ ಒಡೆಯುತ್ತದೆ. ಅದರ ಪಕ್ಕದಲ್ಲೇ ಬಾದಾಮಿ ಗಾತ್ರದ ಅಂಡಾಶಯ. ಗರ್ಭಕೋಶ ಕಿರಿದಾಗುತ್ತ ಇಳಿದ ಕಡೆ ಗರ್ಭಕೊರಳು, ಅದರ ಕೆಳಗೆ ಯೋನಿ. ಆ ಪದ ಬರೆಯುವಾಗಲೂ ಸೀಮೆಸುಣ್ಣ ಒಂದೇ ವೇಗದಲ್ಲಿ ಓಡಿತು. ಬರೆದು ಮುಗಿಸಿ ತಿರುಗಿ ನಿಂತು, 'ಎಲ್ಲಾ ಭಾಗಗಳ ಹೆಸರನ್ನೂ ಗಟ್ಟಿಯಾಗಿ ಓದಿ' ಎಂದರು. ಮೊದಲ ಸಲ ಗೊಣಗಾಟ. ಎರಡನೇ ಸಲ ಅರ್ಧ ತರಗತಿ. ಮೂರನೇ ಸಲಕ್ಕೆ ಎಲ್ಲರೂ ಮಗ್ಗಿ ಹೇಳುವ ರಾಗದಲ್ಲೇ ಹೇಳಿದರು. ನಗು ಅಷ್ಟರಲ್ಲಿ ತಾನಾಗಿ ಸತ್ತಿತ್ತು.

ಪಕ್ಕದಲ್ಲೇ ಗಂಡಿನ ಚಿತ್ರವೂ ಎದ್ದಿತು. ವೃಷಣಗಳು ಹೊಟ್ಟೆಯೊಳಗಿಲ್ಲದೆ ಹೊರಗೆ ಚೀಲದಲ್ಲಿ ಏಕಿವೆ? ವೀರ್ಯಾಣು ತಯಾರಾಗಲು ಮೈಯ 37 ಡಿಗ್ರಿಗಿಂತ ಎರಡು ಮೂರು ಡಿಗ್ರಿ ಕಡಿಮೆ ಬಿಸಿ ಬೇಕು, ಅದಕ್ಕೆ. ವೃಷಣದಲ್ಲೇ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನೂ ಹುಟ್ಟುತ್ತದೆ. ಹುಡುಗರ ದನಿ ಒಡೆಯುವುದು, ಮೇಲ್ದುಟಿಯ ಮೇಲೆ ಮೀಸೆಯ ಕಪ್ಪು ಮೂಡುವುದು ಅದರ ಕೆಲಸ. ಎರಡೂ ಕಡೆಯ ಕೆಲಸಕ್ಕೆ ಅಪ್ಪಣೆ ಹೋಗುವುದು ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಿಂದ. ಇದನ್ನು ಮಕ್ಕಳು ಎಂಟನೇ ತರಗತಿಯ 'ಹದಿಹರೆಯಕ್ಕೆ ಪ್ರವೇಶ' ಪಾಠದಲ್ಲಿ ಒಮ್ಮೆ ಕೇಳಿದ್ದಾರೆ.

ಆಮೇಲೆ ಮೇಡಂ ಕೇಳಿದ ಪ್ರಶ್ನೆ ಪುಸ್ತಕದ್ದಲ್ಲ. 'ಕುರಿ ಈಯೋದನ್ನ ನೋಡಿರೋರು ಕೈ ಎತ್ತಿ.'

ಒಂದು ಬೆಂಚೂ ಬಿಡದೆ ಕೈಗಳೆದ್ದವು. ಚಿತ್ರದುರ್ಗ ಜಿಲ್ಲೆಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಾಡುಗೊಲ್ಲರ ಹಟ್ಟಿಯ ಮಗುವಿರಲಿ, ಕುರುಬರ ಮನೆಯದಿರಲಿ, ರೊಪ್ಪದಲ್ಲಿ ಕುರಿ ಬೆದೆಗೆ ಬಂದದ್ದು, ಟಗರು ಬಿಟ್ಟದ್ದು, ಐದು ತಿಂಗಳಿಗೆ ಈದದ್ದು ಎಲ್ಲ ಕಣ್ಣಾರೆ ಕಂಡದ್ದು. ಅಡ್ಡ ಸಿಕ್ಕ ಮರಿಯ ಮುಂಗಾಲು ಹಿಡಿದು ಎಳೆದವರೂ ಆ ತರಗತಿಯಲ್ಲಿದ್ದರು. 'ಮಾಸು ಎಷ್ಟು ಹೊತ್ತಿಗೆ ಬೀಳುತ್ತೆ?' ಎಂದು ಕೇಳಿದ್ದೇ ತಡ, ಈವರೆಗೆ ಬಾಯಿ ಬಿಡದ ಹುಡುಗನೊಬ್ಬ ಎದ್ದು ನಿಂತ. 'ಎರಡ್ಮೂರು ತಾಸು ಬೇಕು ಮೇಡಂ. ಬೀಳ್ದಿದ್ರೆ ದನಿನ ಡಾಕ್ಟ್ರನ್ನ ಕರ್ಕಂಬರ್ತೀವಿ. ನಾವೇ ಎಳದ್ರೆ ಕುರಿ ಉಳಿಯಲ್ಲ.'

ಅಲ್ಲಿಂದ ಪಾಠ ಓಡಿತು. ಮನುಷ್ಯರಲ್ಲಿ ಮಾಸು ಅಥವಾ ಜರಾಯು ಬೀಳಲು ಸಾಮಾನ್ಯವಾಗಿ ಅರ್ಧ ಗಂಟೆ ಸಾಕು, ತಡವಾದರೆ ರಕ್ತಸ್ರಾವದ ಭಯ. ಕುರಿಯ ಮಾಸಿನಲ್ಲಿ ಬಿಡಿಬಿಡಿಯಾದ ಹತ್ತಾರು ಗಂಟುಗಳಿರುತ್ತವೆ, ಒಂದೊಂದು ಗಂಟೂ ಗರ್ಭಕೋಶದ ಗೋಡೆಗೆ ಅಂಟಿಕೊಂಡಿರುತ್ತದೆ. ಮನುಷ್ಯರದು ಒಂದೇ ದುಂಡನೆಯ ತಟ್ಟೆ, ಹೆರಿಗೆಯ ಹೊತ್ತಿಗೆ ಹೆಚ್ಚುಕಮ್ಮಿ ಅರ್ಧ ಕೆ.ಜಿ. ತೂಗುತ್ತದೆ. ತಾಯಿಯ ರಕ್ತ ಮಗುವಿನ ಮೈಯಲ್ಲಿ ಹರಿಯುತ್ತದೆ ಎಂದು ನಾವೆಲ್ಲ ಆಡುತ್ತೇವಲ್ಲ, ಜರಾಯುವಿನೊಳಗೆ ನಡೆಯುವುದು ಅದಕ್ಕಿಂತ ಸೂಕ್ಷ್ಮವಾದ ಕೆಲಸ. ತಾಯಿಯ ರಕ್ತ ಒಂದು ಕಡೆ, ಮಗುವಿನ ರಕ್ತ ಇನ್ನೊಂದು ಕಡೆ, ನಡುವೆ ಬಲು ತೆಳುವಾದ ಪೊರೆ. ಆಮ್ಲಜನಕ, ಗ್ಲೂಕೋಸು ಆ ಪೊರೆಯ ಮೂಲಕ ಮಗುವಿನ ಕಡೆಗೂ, ಕಸ ತಾಯಿಯ ಕಡೆಗೂ ದಾಟುತ್ತವೆ. ರಕ್ತಗಳು ಮಾತ್ರ ಬೆರೆಯುವುದಿಲ್ಲ.

ಕುರಿಯ ವಿಷಯದಲ್ಲಿ ಇಷ್ಟು ತಿಳಿದ ಮಕ್ಕಳು ತಮ್ಮ ಮೈಯ ವಿಷಯಕ್ಕೆ ಬಂದರೆ ತಲೆ ಬಗ್ಗಿಸುತ್ತಾರೆ. ತಿಳಿವಳಿಕೆ ಇಲ್ಲದ್ದಕ್ಕೆ ಹೀಗಾಗುತ್ತಿಲ್ಲ, ಆ ತಿಳಿವಳಿಕೆಯನ್ನು ಮನುಷ್ಯರಿಗೆ ಹೊಂದಿಸಿ ಆಡಲು ಯಾರೂ ಬಿಟ್ಟಿಲ್ಲ. ಅದಕ್ಕೇ ಈ ಪಾಠ ಬೇರೆಲ್ಲಿಗಿಂತಲೂ ಈ ನೆಲದಲ್ಲಿ ಗಟ್ಟಿ ದನಿಯಲ್ಲಿ ನಡೆಯಬೇಕು ಎನ್ನುತ್ತೇನೆ. ಅವತ್ತು ಕಿಟಕಿ ಪಕ್ಕದ ಎರಡನೇ ಬೆಂಚಿನಲ್ಲಿ ಒಂದು ಜಾಗ ಖಾಲಿ ಇತ್ತು. ಹಾಜರಿ ಕೂಗಿದಾಗ ಪಕ್ಕದವಳು ಮೆಲ್ಲಗೆ ಹೇಳಿದ್ದಳು: 'ಹೊರಗೆ ಕುಂತಾಳೆ ಮೇಡಂ.' ಋತುಚಕ್ರದ ಪಾಠ ನಡೆಯುವ ದಿನ ಆ ಹುಡುಗಿ ಮುಟ್ಟಾಗಿ ಹಟ್ಟಿಯ ಬೇಲಿಯಾಚೆ ಕೂತಿದ್ದಳು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳಲ್ಲಿ ಗೊಲ್ಲರಹಟ್ಟಿಗಳಿವೆ. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪನ ಒಕ್ಕಲು. ಹಟ್ಟಿಯ ಸುತ್ತ ಮುಳ್ಳುಬೇಲಿ, ಒಳಗೆ ದೇವರ ಗುಡಿ. ಮುಟ್ಟಾದ ಹೆಣ್ಣು ಬೇಲಿಯಿಂದಾಚೆ ಇರಬೇಕು, ಬಾಣಂತಿ ಹಸುಗೂಸಿನೊಂದಿಗೆ ಆಚೆಯ ಗುಡ್ಲಿನಲ್ಲಿ ಇರಬೇಕು ಎಂಬುದು ಹಿಂದಿನಿಂದ ಬಂದ ಕಟ್ಟಳೆ. ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯಗಳ ಮೇಲೆ ಬರೆದ ಗ್ರಂಥ ಈ ಲೋಕವನ್ನು ಒಳಗಿನಿಂದ ತೋರಿಸುತ್ತದೆ. ಆ ಲೋಕದ ಹಾಡಿನ ಸಿರಿ, ದನಕರುಗಳ ಮೇಲಿನ ಅದರ ಪ್ರೀತಿ ಬಲ್ಲವರಾರೂ ಈ ಜನರನ್ನು ಹೀಗಳೆಯಲಾರರು. ಕಟ್ಟಳೆ ಎಲ್ಲ ಹಟ್ಟಿಗಳಲ್ಲೂ ಒಂದೇ ಬಿಗಿಯಲ್ಲಿಲ್ಲ. ಕೆಲವು ಕಡೆ ಮನೆಯ ಜಗುಲಿಗೆ ಬಂದು ನಿಂತಿದೆ, ಕೆಲವು ಕಡೆ ಹೋಗಿಯೇ ಬಿಟ್ಟಿದೆ. ಇನ್ನು ಕೆಲವು ಕಡೆ ಹಾಗೇ ಇದೆ. ಮಳೆ, ಚಳಿ, ಹಾವು, ಕುಡಿದು ಬರುವವರ ಭಯದಿಂದಾದರೂ ಹೆಂಗಸರಿಗೆ ಒಂದು ಸೂರು ಸಿಗಲೆಂದು ಸರ್ಕಾರ ಹಟ್ಟಿಗಳ ಹೊರಗೆ ಕೃಷ್ಣ ಕುಟೀರಗಳನ್ನು ಕಟ್ಟಿಸಿತು. ಕಟ್ಟಿಸಿದವರ ಮನಸ್ಸು ಒಳ್ಳೆಯದೇ. ಆದರೆ ಸಿಮೆಂಟಿನ ಗೋಡೆ ಎದ್ದ ಮೇಲೆ ಹೊರಗಿಡುವುದು ಇನ್ನಷ್ಟು ಗಟ್ಟಿಯಾಯಿತೇ ಹೊರತು ಸಡಿಲವಾಗಲಿಲ್ಲ.

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗೆ, ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ಮಳೆ ಚಳಿಗೆ ಸಿಕ್ಕು ತೀರಿಕೊಂಡಿತು. ಇಲ್ಲಿಯೂ ವಿಜ್ಞಾನದ ಪಾಠವೇ ಇದೆ. ಆಗತಾನೆ ಹುಟ್ಟಿದ ಮಗುವಿಗೆ ತನ್ನ ಮೈಯ ಬಿಸಿ ಕಾಪಾಡಿಕೊಳ್ಳುವ ಶಕ್ತಿ ಕಡಿಮೆ. ಮೈ ಚಿಕ್ಕದು, ಚರ್ಮದ ಕೆಳಗಿನ ಕೊಬ್ಬು ತೆಳು, ತಲೆಯಿಂದಲೇ ಬಿಸಿ ಸೋರಿ ಹೋಗುತ್ತದೆ. ತಾಯಿಯ ಎದೆಗೆ ಅವುಚಿ ಬೆಚ್ಚಗಿಡುವುದು, ಹುಟ್ಟಿದ ಒಂದು ಗಂಟೆಯೊಳಗೆ ಹಳದಿ ಬಣ್ಣದ ಮೊದಲ ಹಾಲು ಕುಡಿಸುವುದು, ಇವೆರಡೇ ಎಷ್ಟೋ ಕೂಸುಗಳನ್ನು ಉಳಿಸುತ್ತವೆ. ಮುಟ್ಟಾದವರನ್ನು, ಬಸುರಿಯರನ್ನು ಬೇರೆಯಾಗಿಟ್ಟು ಊರೊಳಗೆ ಬಿಡದಿರುವುದನ್ನು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧವೆನ್ನುತ್ತದೆ. ಕಾಯ್ದೆ ಬೇಕು. ಆದರೆ ಪೊಲೀಸರ ಜೀಪು ಹಟ್ಟಿಯ ಬಾಗಿಲಿಗೆ ಬಂದು ಹೋದ ಮೇಲೆ ಉಳಿಯುವ ಪ್ರಶ್ನೆಗೆ ಉತ್ತರ ಇರುವುದು ಮೇಡಂ ಬರೆದ ಆ ಚಿತ್ರದಲ್ಲಿ.

ಪ್ರಶ್ನೆ ಇಷ್ಟೇ: ಆ ರಕ್ತ ಏನು? ಮರುದಿನ ತರಗತಿಯಲ್ಲಿ ಅದೇ ಪ್ರಶ್ನೆ ಚೀಟಿಯಾಗಿ ಬಂತು. ಮೇಡಂ ಒಂದು ಸಿಹಿತಿಂಡಿ ಡಬ್ಬಿಯ ಮುಚ್ಚಳಕ್ಕೆ ಸೀಳು ಕೊಯ್ದು, 'ಹೆಸರು ಬರೀಬೇಡಿ, ಏನು ಬೇಕಾದ್ರೂ ಕೇಳಿ' ಎಂದು ಮೇಜಿನ ಮೇಲಿಟ್ಟಿದ್ದರು. ನೋಟ್‌ಬುಕ್ಕಿನ ಮೂಲೆ ಹರಿದು ಬರೆದ ಚೀಟಿಗಳು, ನಾಲ್ಕಾಗಿ ಮಡಚಿದವು, ಎಂಟಾಗಿ ಮಡಚಿದವು. 'ಮುಟ್ಟಿನ ರಕ್ತ ಕೆಟ್ಟ ರಕ್ತವಾ?' ಎಂಬುದು ಎಂಟಾಗಿ ಮಡಚಿದ ಚೀಟಿ.

ಅಲ್ಲ. ಪ್ರತಿ ತಿಂಗಳು ಗರ್ಭಕೋಶದ ಒಳಗೋಡೆ ಈಸ್ಟ್ರೋಜೆನ್ ಹಾರ್ಮೋನಿನಿಂದ ದಪ್ಪವಾಗುತ್ತದೆ, ರಕ್ತನಾಳಗಳಿಂದ ತುಂಬುತ್ತದೆ. ಅಂಡಾಶಯದಿಂದ ಒಂದು ಅಂಡಾಣು ಹೊರಬೀಳುತ್ತದೆ. ಆಮೇಲೆ ಪ್ರೊಜೆಸ್ಟರಾನ್ ಆ ಪದರವನ್ನು ಕಾದುಕೊಳ್ಳುತ್ತದೆ. ಅಂಡಾಣು ಫಲಿಸಿದರೆ ಭ್ರೂಣ ಬಂದು ನೆಲೆನಿಲ್ಲುವುದು ಅಲ್ಲೇ. ಫಲಿಸದಿದ್ದರೆ ಸುಮಾರು ಎರಡು ವಾರಕ್ಕೆ ಹಾರ್ಮೋನು ಇಳಿಯುತ್ತದೆ, ಪದರ ಕಳಚಿ ರಕ್ತದೊಂದಿಗೆ ಹೊರಬರುತ್ತದೆ. ಅಂದರೆ ಅದು ಕೂಸಿಗೆಂದು ಸಿದ್ಧವಾಗಿದ್ದ ಹಾಸಿಗೆ. ಒಂದು ಸಲದ ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್. ಮೇಡಂ ಔಷಧಿ ಬಾಟಲಿಯ ಅಳತೆ ಮುಚ್ಚಳದಲ್ಲಿ ನೀರು ತುಂಬಿ ಎತ್ತಿ ಹಿಡಿದು ತೋರಿಸಿದರು. 'ಇಷ್ಟೇನಾ?' ಎಂದಳು ಮುಂದಿನ ಬೆಂಚಿನವಳು. ಚಕ್ರ ಎಂದರೆ 28 ದಿನವೇ ಆಗಬೇಕೆಂದಿಲ್ಲ, ಮೊದಲ ಒಂದೆರಡು ವರ್ಷ ಹಿಂದುಮುಂದಾಗುವುದು ಸಹಜ. ಆದರೆ ವಾರ ಮೀರಿದರೆ, ಗಂಟೆಗೊಂದು ಬಟ್ಟೆ ನೆನೆದರೆ, ನೋವಿಗೆ ಏಳಲಾಗದಿದ್ದರೆ ಆಸ್ಪತ್ರೆಗೆ ಹೋಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಂಕೋಚಪಡುವ ಕಾರಣವೇ ಇಲ್ಲ.

ಇನ್ನೊಂದು ಚೀಟಿ: 'ಹೆಣ್ಣು ಮಗು ಹುಟ್ಟಿದ್ರೆ ಅಮ್ಮಂದೇ ತಪ್ಪಾ?' ಬರೆದವರ ಕೈ ನಡುಗಿತ್ತು, ಪೆನ್ನಿನ ಗೆರೆಯಲ್ಲೇ ಕಾಣುತ್ತಿತ್ತು. ಮೇಡಂ ಇದಕ್ಕೆ ತುಸು ಹೆಚ್ಚೇ ಹೊತ್ತು ಕೊಟ್ಟರು. ಮನುಷ್ಯರ ಜೀವಕೋಶದಲ್ಲಿ 46 ವರ್ಣತಂತುಗಳು, 23 ಜೊತೆ. ಕೊನೆಯ ಜೊತೆ ಹೆಣ್ಣಿನಲ್ಲಿ ಎಕ್ಸ್ ಎಕ್ಸ್, ಗಂಡಿನಲ್ಲಿ ಎಕ್ಸ್ ವೈ. ತಾಯಿಯ ಅಂಡಾಣು ಯಾವಾಗಲೂ ಎಕ್ಸ್ ತರುತ್ತದೆ, ಅವಳ ಹತ್ತಿರ ಇರುವುದು ಅದೊಂದೇ. ತಂದೆಯ ವೀರ್ಯಾಣುಗಳಲ್ಲಿ ಅರ್ಧ ಎಕ್ಸ್, ಅರ್ಧ ವೈ. ಯಾವುದು ಮುಟ್ಟಿತೋ ಅದರ ಮೇಲೆ ಹೆಣ್ಣೋ ಗಂಡೋ ನಿಂತಿದೆ, ತಂದೆಯ ಇಷ್ಟದ ಮಾತೂ ಅಲ್ಲಿ ನಡೆಯುವುದಿಲ್ಲ. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯ ಹೆರಿಗೆ ವಾರ್ಡಿನ ಹೊರಗೆ ಟವೆಲು ಹೆಗಲಿಗೆ ಹಾಕಿಕೊಂಡು ಕೂತವರ ಮುಖ ನೋಡಿದವರಿಗೆ ಈ ನಾಲ್ಕು ಅಕ್ಷರಗಳ ಬೆಲೆ ಗೊತ್ತು. ಒಳಗಿನಿಂದ ನರ್ಸ್ ಬಂದು 'ಹೆಣ್ಣು ಮಗು' ಎಂದಾಗ ಅತ್ತೆಯ ಬಾಯಿಂದ ಹೊರಡುವ 'ಮತ್ತೆ ಹೆಣ್ಣಾ?' ಎಂಬ ಮಾತು ಹೊಲಿಗೆ ಹಾಕಿಸಿಕೊಳ್ಳುತ್ತ ಮಲಗಿದ ಸೊಸೆಯ ಕಿವಿಗೂ ಬೀಳುತ್ತದೆ. ಭ್ರೂಣದ ಲಿಂಗ ಪತ್ತೆ ಮಾಡುವುದು 1994ರ ಕಾಯ್ದೆಯಂತೆ ಅಪರಾಧ ಎಂಬ ಫಲಕ ಪ್ರತಿ ಸ್ಕ್ಯಾನಿಂಗ್ ಕೇಂದ್ರದಲ್ಲೂ ತೂಗುತ್ತಿದೆ. ಅದರ ಹಿಂದಿನ ಅರ್ಥ ತಿಳಿಸುವ ಜಾಗ ಶಾಲೆ.

ಹುಡುಗರ ಚೀಟಿಗಳು ಬೇರೆಯೇ. 'ರಾತ್ರಿ ನಿದ್ದೇಲಿ ಚಡ್ಡಿ ಒದ್ದೆ ಆಗುತ್ತೆ, ಶಕ್ತಿ ಹೋಗುತ್ತಾ?' ಊರಿನ ಗೋಡೆಗಳ ಮೇಲೆ ದಪ್ಪ ಅಕ್ಷರದಲ್ಲಿ 'ಗುಪ್ತರೋಗ' ಎಂದು ಬರೆಸಿ, ಲಾಡ್ಜಿನ ವಿಳಾಸ ಕೊಟ್ಟು ದುಡ್ಡು ಮಾಡುವವರು ಬದುಕಿರುವುದು ಈ ಒಂದು ಹೆದರಿಕೆಯ ಮೇಲೆ. ಬೆಳೆಯುವ ಹುಡುಗನಿಗೆ ಹಾಗಾಗುವುದು ಆರೋಗ್ಯ, ಶಕ್ತಿ ಹೋಗುವುದಿಲ್ಲ, ವೃಷಣಗಳು ವೀರ್ಯಾಣುಗಳನ್ನು ದಿನವೂ ಹೊಸದಾಗಿ ಮಾಡುತ್ತಲೇ ಇರುತ್ತವೆ. ಇಷ್ಟು ಹೇಳಲು ಎರಡು ನಿಮಿಷ ಸಾಕು. ಹೇಳದೆ ಬಿಟ್ಟರೆ ಎಷ್ಟೋ ಹುಡುಗರು ವರ್ಷಗಟ್ಟಲೆ ಒಳಗೊಳಗೇ ಕೊರಗುತ್ತಾರೆ.

'ಒಂದೇ ಸಲಕ್ಕೆ ಬಸುರಾಗ್ತಾರಾ?' ಎಂದೂ ಒಂದು ಚೀಟಿ ಕೇಳಿತು. ಯಾರದೆಂದು ಮೇಡಂ ಊಹಿಸಲು ಹೋಗಲಿಲ್ಲ. ಆಗಬಹುದು. ವೀರ್ಯಾಣು ಹೆಣ್ಣಿನ ಮೈಯೊಳಗೆ ಐದು ದಿನದವರೆಗೂ ಬದುಕಬಲ್ಲದು, ಅಂಡಾಣು ಒಂದು ದಿನ. ಕೋಟಿಗಟ್ಟಲೆ ವೀರ್ಯಾಣುಗಳು ಹೊರಟರೂ ಅಂಡನಾಳ ತಲುಪುವವು ಕೆಲವು ನೂರು, ಒಳಹೊಗುವುದು ಒಂದು. ಕೂಡಲೇ ಅಂಡಾಣುವಿನ ಹೊರಪದರ ಗಡುಸಾಗಿ ಉಳಿದವಕ್ಕೆ ದಾರಿ ಮುಚ್ಚುತ್ತದೆ. ಆ ಒಂದು ಜೀವಕೋಶ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ನಾಳದಲ್ಲಿ ಇಳಿದು ಸುಮಾರು ವಾರಕ್ಕೆ ಗರ್ಭಕೋಶದ ಗೋಡೆ ಸೇರುತ್ತದೆ. ಹದಿನಾರು ಹದಿನೇಳರ ಹುಡುಗಿಯ ಮೈ ಬಸಿರಿಗೆ ಬರಬಹುದು, ಆದರೆ ಹೊರಲು ಸಿದ್ಧವಿರುವುದಿಲ್ಲ. ಕಿಬ್ಬೊಟ್ಟೆಯ ಮೂಳೆಗಳು ಇನ್ನೂ ಬೆಳೆಯುತ್ತಿರುತ್ತವೆ, ರಕ್ತಹೀನತೆ ಮೊದಲೇ ಕಾಡುತ್ತಿರುತ್ತದೆ, ರಕ್ತದೊತ್ತಡ ಏರುವ ಅಪಾಯ ಹೆಚ್ಚು. 18ಕ್ಕೆ ಮುಂಚೆ ಮದುವೆ ಮಾಡಿದರೆ ಕರ್ನಾಟಕದಲ್ಲಿ ಆ ಮದುವೆ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ. ಮಕ್ಕಳ ಸಹಾಯವಾಣಿ 1098 ಎಂಬ ಅಂಕಿಯನ್ನು ಮೇಡಂ ಹಲಗೆಯ ಮೂಲೆಯಲ್ಲಿ ಬರೆದರು. ಆ ಮೂಲೆಯನ್ನು ಮಾತ್ರ ಯಾರೂ ಒರೆಸಬಾರದೆಂದು ಕಟ್ಟುನಿಟ್ಟಾಗಿ ಹೇಳಿದರು.

ಹೊಳಲ್ಕೆರೆಯ ಅಡಿಕೆ ತೋಟಗಳ ನಡುವಿನ ಶಾಲೆಗಳಲ್ಲೂ, ಹೊಸದುರ್ಗದ ತೆಂಗಿನ ಊರುಗಳಲ್ಲೂ ಇದೇ ಪುಸ್ತಕ, ಇದೇ ಪುಟ. ಹೊಸದುರ್ಗ ಕಡೆಯ ಒಂದು ಶಾಲೆಯಲ್ಲಿ ವಾರದ ಕಬ್ಬಿಣಾಂಶದ ಮಾತ್ರೆ ಹಂಚುವ ದಿನ ಆಶಾ ಕಾರ್ಯಕರ್ತೆ ನೀಲಿ ಮಾತ್ರೆಯ ಪಟ್ಟಿ ಹಿಡಿದು ಹುಡುಗರ ಸಾಲಿಗೂ ಕೊಡುತ್ತಿದ್ದರು. 'ನಮಗ್ಯಾಕೆ?' ಎಂದವನಿಗೆ, 'ನಿನ್ನ ಮೈಯಲ್ಲಿ ರಕ್ತ ಇಲ್ವೇನಪ್ಪಾ?' ಎಂದರು. 2013ರಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ಶುಚಿ ಯೋಜನೆಯ ಪ್ಯಾಡುಗಳು ನಡುವೆ ಕೆಲವು ವರ್ಷ ನಿಂತುಹೋಗಿದ್ದವು. ಪ್ಯಾಡು ಬರುವುದೂ, ಶೌಚಾಲಯದಲ್ಲಿ ನೀರಿರುವುದೂ ಈ ಪಾಠದ್ದೇ ಭಾಗ ಎಂದು ನನ್ನ ನಂಬಿಕೆ. ನೀರಿಲ್ಲದ ಶೌಚಾಲಯದ ಮುಂದೆ ಋತುಚಕ್ರದ ಚಿತ್ರಕ್ಕೆ ಬಲವಿಲ್ಲ.

ಇದೆಲ್ಲ ಹೊಸ ಕಾಲದ ಆಮದು ಎನ್ನುವವರಿಗೆ ಹಳೆಯ ಮಾತೊಂದನ್ನು ನೆನಪಿಸಬೇಕು. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿಯಂತ್ರಣ ಸಲಹೆಯ ಕೇಂದ್ರಗಳನ್ನು ತೆರೆಯಲು ಆದೇಶ ಹೊರಡಿಸಿತ್ತು. ಚಿತ್ರದುರ್ಗ ಆ ಸಂಸ್ಥಾನದ ಜಿಲ್ಲೆ. ಹಿರಿಯೂರಿನ ಬಳಿ 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟಿಗೂ ಬೆಂಗಳೂರಿನ ದೊಡ್ಡ ಹೆರಿಗೆ ಆಸ್ಪತ್ರೆಗೂ ಒಂದೇ ಮಹಾರಾಣಿಯ ಹೆಸರು, ವಾಣಿ ವಿಲಾಸ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ 'ಕೇಳು ಕಿಶೋರಿ', 'ತಾಯಿ ಮಗು' ಬರೆದು ಕನ್ನಡದ ಹುಡುಗಿಯರಿಗೆ, ತಾಯಂದಿರಿಗೆ ಅವರ ಮೈಯನ್ನು ಅವರ ಭಾಷೆಯಲ್ಲೇ ತಿಳಿಸಿ ದಶಕಗಳೇ ಆದವು. ಜಿಲ್ಲೆಯ ಗಡಿಯಾಚೆ ಪಾವಗಡದಲ್ಲಿ ಸೂಲಗಿತ್ತಿ ನರಸಮ್ಮ ಶಾಲೆಯ ಮೆಟ್ಟಿಲು ಹತ್ತದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಬಸಿರು ಬಾಣಂತನವನ್ನು ಮುಚ್ಚುಮರೆಯಿಲ್ಲದೆ ಆಡುವ ಹೆಂಗಸರು ಈ ಬಯಲುಸೀಮೆಯಲ್ಲಿ ಎಂದೂ ಕಡಿಮೆಯಾಗಿರಲಿಲ್ಲ.

ಅಂಥ ಒಬ್ಬ ಅಜ್ಜಿ ಹಟ್ಟಿಯ ಪಕ್ಕದ ಅಂಗನವಾಡಿಯಲ್ಲಿ ನಡೆದ ತಾಯಂದಿರ ಸಭೆಗೆ ಬಂದಿದ್ದರು. ಮೇಡಂ ಅದೇ ಚಿತ್ರವನ್ನು ದೊಡ್ಡ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಅಜ್ಜಿ ಎದ್ದು ಹತ್ತಿರ ಹೋಗಿ, ಜರಾಯುವಿನ ಮೇಲೆ ಕೈಯಿಟ್ಟು, ಹೊಕ್ಕುಳಬಳ್ಳಿಯನ್ನು ಬೆರಳಲ್ಲಿ ತಡವುತ್ತ ಕೂಸಿನ ಹೊಕ್ಕುಳಿನವರೆಗೆ ಬಂದರು. 'ಇದು ನಂಗೊತ್ತು. ಬಳ್ಳಿ ಕುತ್ತಿಗೆಗೆ ಸುತ್ಕಂಡಿರೋವೂ ಬಿಡ್ಸಿದೀನಿ. ಈ ಒಳಪದ್ರ ಕಳಚಾದು ಮಾತ್ರ ಗೊತ್ತಿರ್ಲಿಲ್ಲ ಕಣವ್ವ.' ಸ್ವಲ್ಪ ಹೊತ್ತು ನಿಂತು ಮತ್ತೆ ಕೇಳಿದರು, 'ಮೊಮ್ಮಗಳ ಪರೀಕ್ಷೆ ಮಾರ್ಚಿಯಾಗೆ ಬರ್ತೈತಂತೆ. ಆವಾಗ ಹೊರಗಾದ್ರೆ?'

'ಆದ್ರೂ ಬರ್ಲೇಬೇಕು ಅಜ್ಜಿ.'

'ಬರ್ಲಿ. ನಾನೇನು ಬ್ಯಾಡ ಅನ್ನಲ್ಲ. ರಾತ್ರಿ ಮನೇಲಿ ಲೈಟ್ ಕೆಳಗೆ ಓದ್ಬೇಕಲ್ಲ, ಅದನ್ನ ನಮ್ಮ ಗಂಡಸ್ರ ಹತ್ರ ಮಾತಾಡು. ಗುಡಿ ಪೂಜಾರಪ್ಪನೂ ಇರ್ಲಿ. ಈ ಕಾಗ್ದ ತಗಂಬಾ, ಅವ್ರಿಗೂ ತೋರ್ಸು.'

ಭಾನುವಾರ ಕುರಿ ಬಿಡುವ ಮುಂಚೆ, ಬೆಳಿಗ್ಗೆ ಏಳಕ್ಕೆ ಬರುವುದಾಗಿ ಮೇಡಂ ಒಪ್ಪಿಕೊಂಡರು. ತರಗತಿಯ ಮೂವರು ಹುಡುಗರು, ಮಾಸಿನ ಲೆಕ್ಕ ಹೇಳಿದವನೂ ಸೇರಿ, ತಾವೂ ಜೊತೆಗೆ ಬಂದು ಅಪ್ಪಂದಿರನ್ನು ಕರೆದು ಕೂರಿಸುತ್ತೇವೆ ಎಂದಿದ್ದಾರೆ.